ಆಯಿಯ ಉದ್ಯೋಗದ ಕಾಲಂ

ಹೋದ ಕಾರ್ತಿಕದಲ್ಲಿ ನಮ್ಮ ಆಯಿ ತೀರಿಕೊಂಡಳು. ಧಾರವಾಡದ ಕಡೆ ನಮ್ಮಂಥ ಮನೆಗಳಲ್ಲಿ ಅಜ್ಜಿಯನ್ನು ಆಯಿ ಎಂದೇ ಕರೆಯುವುದು. ಅವಳ ಹುಟ್ಟಿಗೆ ದಾಖಲೆಯಿಲ್ಲ. ಮನೆಯವರ ಲೆಕ್ಕದಲ್ಲಿ ಅವಳಿಗೆ 91 ತುಂಬಿತ್ತು. ಮಣ್ಣು ಮಾಡಿ ಬಂದ ಮೂರನೆಯ ದಿನ ಮರಣ ನೋಂದಣಿಯ ಅರ್ಜಿ ತುಂಬಲು ಸೋದರಮಾವ ಮತ್ತು ನಾನು ಪಡಸಾಲೆಯಲ್ಲಿ ಕುಳಿತಿದ್ದೆವು. ಹೆಸರು, ವಿಳಾಸ, ವಯಸ್ಸು ಎಲ್ಲ ಬರೆದ ಮೇಲೆ ‘ಉದ್ಯೋಗ’ ಎಂಬ ಕಾಲಂ ಬಂತು. ಮಾವ ಪೆನ್ನು ಎತ್ತದೆ ‘ಇಲ್ಲ’ ಎಂದು ಬರೆದು ಮುಂದಿನ ಸಾಲಿಗೆ ಹೋದರು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ, ಏನೂ ಹೇಳಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಯಿ ಕಸೂತಿ ಹಾಕುತ್ತಿದ್ದಳು. ಹದಿನಾಲ್ಕನೆಯ ವಯಸ್ಸಿಗೆ ಮದುವೆಯಾಗಿ ಬಂದವಳು, ತನ್ನ ಅತ್ತೆಯಿಂದ ಕಲಿತು, ಕಣ್ಣಿನ ಪೊರೆ ಪೂರ್ತಿ ಬಲಿಯುವವರೆಗೂ ಸೂಜಿ ಬಿಡಲಿಲ್ಲ. ಕಸೂತಿಗೆ ಅಚ್ಚಿಲ್ಲ, ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆಯೂ ಇಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಇಳಿಸಬೇಕು. ಮದುಮಗಳಿಗೆ ಉಡಿಸುವ ಚಂದ್ರಕಾಳಿ ಸೀರೆಯಾದರೆ ಅದರ ಕಪ್ಪಿನಲ್ಲಿ ಎಳೆ ಕಾಣುವುದೇ ಕಷ್ಟ. ಅದಕ್ಕಾಗಿ ಆಯಿ ಮೊದಲು ತೊಡೆಯ ಮೇಲೆ ಒಂದು ಬಿಳಿ ಬಟ್ಟೆ ಹಾಸಿಕೊಂಡು, ಅದರ ಮೇಲೆ ಸೀರೆ ಹರವಿ, ನೇಯ್ಗೆಯ ಸಂದಿನಲ್ಲಿ ತೋರುವ ಬಿಳುಪನ್ನು ಹಿಡಿದು ಎಣಿಸುತ್ತಿದ್ದಳು. ಬೆಳಗಿನ ಬಿಸಿಲು ಅಂಗಳಕ್ಕೆ ಬಂದಾಗ ಕುಳಿತರೆ ಬಿಸಿಲಿನ ಜೊತೆಗೇ ಚಾಪೆ ಸರಿಸಿಕೊಂಡು ಹೋಗುತ್ತಿದ್ದಳು. ಸಂಜೆ ದೀಪದ ಬೆಳಕಿನಲ್ಲಿ ಕಪ್ಪು ಸೀರೆಯನ್ನು ಮುಟ್ಟುತ್ತಿರಲಿಲ್ಲ.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತೆ ಅಡ್ಡಡ್ಡ ಬೀಳುವ ಹೊಲಿಗೆ, ಮುರ್ಗಿ ಮೆಟ್ಟಿಲಿನಂತೆ ಏರಿಳಿಯುತ್ತದೆ. ಗವಂತಿಯ ಬಗ್ಗೆ ಮಾತ್ರ ನಾನು ಸ್ವಲ್ಪ ನಿಂತು ಹೇಳಲೇಬೇಕು, ಏಕೆಂದರೆ ಆಯಿಯ ಬುದ್ಧಿ ಎಂಥದ್ದು ಎಂದು ನನಗೆ ತಿಳಿದದ್ದು ಅದರಿಂದಲೇ. ಅದರಲ್ಲಿ ಸೂಜಿ ಒಂದು ಜಾಗ ಹಿಡಿದು ಒಂದು ಜಾಗ ಬಿಡುತ್ತ ಮುಂದೆ ಹೋಗುತ್ತದೆ, ಮರಳಿ ಬರುವಾಗ ಬಿಟ್ಟುಹೋದ ಜಾಗಗಳನ್ನು ತುಂಬುತ್ತ ಬರುತ್ತದೆ. ಹೊರಟಲ್ಲಿಗೇ ಬಂದು ಮುಟ್ಟಿದಾಗ ಗೆರೆ ಸೀರೆಯ ಎರಡೂ ಮಗ್ಗುಲಿಗೆ ಒಂದೇ ತೆರನಾಗಿ ಮೂಡಿರುತ್ತದೆ. ಎಲ್ಲಿಯೂ ಗಂಟು ಇರಕೂಡದು. ನೇರ ಗೆರೆಗೆ ಇದು ಸುಲಭ. ಆದರೆ ಗೋಪುರ, ತೇರು, ತುಳಸಿ ವೃಂದಾವನಗಳು ನೇರ ಗೆರೆಯಲ್ಲ. ಕವಲಿಗೆ ಕವಲು ಒಡೆಯುವ ಆ ಚಿತ್ರದಲ್ಲಿ ಯಾವ ಕವಲಿಗೆ ಮೊದಲು ಹೊರಳಬೇಕು, ಎಲ್ಲಿಂದ ಮರಳಬೇಕು, ಕೊನೆಗೆ ಯಾವ ದಾರಿಯಿಂದ ಮೊದಲ ಹೊಲಿಗೆಗೆ ಬರಬೇಕು ಎಂಬುದೆಲ್ಲ ಸೂಜಿ ಇಳಿಸುವ ಮೊದಲೇ ತಲೆಯಲ್ಲಿ ತೀರ್ಮಾನವಾಗಿರಬೇಕು. ಒಂದು ಕಡೆ ತಪ್ಪಿದರೆ ಎಲ್ಲೋ ಒಂದು ಹೊಲಿಗೆ ತುಂಬದೆ ಉಳಿಯುತ್ತದೆ, ಇಲ್ಲವೇ ಒಂದೇ ಜಾಗಕ್ಕೆ ದಾರ ಎರಡು ಸಲ ಬೀಳುತ್ತದೆ. ಕಾಲೇಜಿನಲ್ಲಿ ನಾನು ಗಣಿತ ಓದುವಾಗ ಇಂಥ ದಾರಿಗಳ ಲೆಕ್ಕಕ್ಕೆ ಒಂದು ಇಡೀ ಅಧ್ಯಾಯವಿತ್ತು. ರುಜು ಹಾಕುವಷ್ಟು ಮಾತ್ರ ಅಕ್ಷರ ಬರುತ್ತಿದ್ದ ಆಯಿ ಆ ಲೆಕ್ಕವನ್ನು ಕಾಗದವಿಲ್ಲದೆ ದಿನವೂ ಬಿಡಿಸುತ್ತಿದ್ದಳು.

ನನಗೆ ಎಂಟು ವರ್ಷವಿದ್ದಾಗ ಒಂದು ಸಣ್ಣ ಹೂವು ಹಾಕಿ ಹೆಮ್ಮೆಯಿಂದ ತೋರಿಸಿದ್ದೆ. ಅವಳು ಮೇಲಿನ ಮಗ್ಗುಲನ್ನು ನೋಡಲೇ ಇಲ್ಲ, ಬಟ್ಟೆಯನ್ನು ತಿರುವಿ ಹಿಡಿದು ಬೆರಳಿನಿಂದ ಸವರಿದಳು. “ಇಲ್ಲೊಂದು ಗಂಟು ಐತಿ ನೋಡವ್ವ, ಕೈಗೆ ಹತ್ತತೈತಿ. ಬಿಚ್ಚು” ಎಂದಳು. ನಾನು ಅಳುಮುಖ ಮಾಡಿದಾಗ “ಬಿಚ್ಚೂದೂ ಕಲಿಬೇಕ, ಅದೂ ಕೆಲಸನ” ಎಂದು ಸೂಜಿಯ ಹಿಂಬದಿಯಿಂದ ಎಳೆ ಹರಿಯದಂತೆ ದಾರ ಎತ್ತುವುದನ್ನು ತೋರಿಸಿಕೊಟ್ಟಳು. ಕೆಲಸ ಎಂಬ ಮಾತನ್ನು ಅವಳೇ ಬಳಸಿದ್ದಳು ಎಂಬುದು ಆ ಅರ್ಜಿಯ ಮುಂದೆ ಕುಳಿತಾಗ ನನಗೆ ನೆನಪಾಗಬೇಕಿತ್ತು.

ಇದನ್ನೆಲ್ಲ ಓದಿದವರು, ಹೊತ್ತು ಹೋಗದ ಹಳೆಯ ಕಾಲದ ಹೆಂಗಸರ ಹವ್ಯಾಸ ಎಂದುಕೊಳ್ಳಬಹುದು. ಹಾಗೆ ಹೇಳಿದವರನ್ನು ನಾನು ಬಂಧುಗಳಲ್ಲೇ ಕಂಡಿದ್ದೇನೆ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಅಜ್ಜನದು ಮಳೆಯನ್ನೇ ನೆಚ್ಚಿದ ಹೊಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆ ನಡೆದದ್ದು ಆಯಿಯ ಸೂಜಿಯಿಂದ. ಇಳಕಲ್ ಸೀರೆಯ ಸೆರಗಿಗೂ ಮೈಗೂ ಒತ್ತಾಗಿ ಕಸೂತಿ ತುಂಬಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಅದರ ಹಣ ಕೈಗೆ ಬಂದ ದಿನವೇ ಅಂಗಡಿಯ ಸಾಲಕ್ಕೋ ಶಾಲೆಯ ಫೀಗೋ ಹೋಗುತ್ತಿತ್ತು. ನನ್ನ ಅವ್ವ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕಟ್ಟಿದ ಹಣ ಒಂದು ಚಂದ್ರಕಾಳಿಯ ಸೆರಗಿನಿಂದ ಬಂದದ್ದು. ‘ಇಲ್ಲ’ ಎಂದು ಬರೆದ ಮಾವನ ಕಾಲೇಜಿನ ಮೊದಲ ವರ್ಷವೂ ಅಲ್ಲಿಂದಲೇ. ಮಾವ ತಾಯಿಯನ್ನು ಕೊನೆಯ ಎರಡು ವರ್ಷ ಮಗುವಿನಂತೆ ಎತ್ತಿ ನೋಡಿಕೊಂಡವರು, ಅವರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅಷ್ಟು ಪ್ರೀತಿಯಿದ್ದವರ ಕೈಯಿಂದಲೂ ಆ ಎರಡಕ್ಷರ ಅಷ್ಟು ಸಲೀಸಾಗಿ ಬಂತಲ್ಲ ಎಂಬುದೇ ನನ್ನ ಸಂಕಟ.

ಹಣ ತಾರದ ಕೆಲಸಗಳೂ ಇದ್ದವು. ಓಣಿಯಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಆಯಿಯಿಂದ ಒಂದು ಕುಂಚಿಗಿ ಹೋಗುತ್ತಿತ್ತು. ಕುಬಸ ಹೊಲಿದು ಉಳಿದ ಗುಳೇದಗುಡ್ಡ ಖಣದ ತುಂಡುಗಳನ್ನು ಜೋಪಾನವಾಗಿ ಎತ್ತಿಟ್ಟುಕೊಂಡು, ಕೂಸಿನ ತಲೆ ಮತ್ತು ಬೆನ್ನು ಮುಚ್ಚುವಂತೆ ಹೊಲಿದು, ಅಂಚಿಗೆ ನಾಲ್ಕು ಎಳೆ ಕಸೂತಿ ಹಾಕಿ ಕಳಿಸುತ್ತಿದ್ದಳು. ಬಾಣಂತಿಗೆ ಕೌದಿ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಹೊರ ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ನಡುವಿನವರೆಗೆ ಹೊಲಿಯುತ್ತಿದ್ದಳು. ಹೆಣ್ಣುಮಕ್ಕಳು ಮಧ್ಯಾಹ್ನ ಬಂದು ನಾಲ್ಕೂ ಮೂಲೆಗೆ ಕುಳಿತು ಕೈ ಹಚ್ಚುತ್ತಿದ್ದರು, ಆದರೆ ಯಾರ ಹೊಲಿಗೆ ದೂರ ದೂರ ಬಿದ್ದಿತ್ತೋ ಅದನ್ನು ಅವರು ಹೋದ ಮೇಲೆ ಆಯಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು.

ಆಯಿ ಇಷ್ಟಲಿಂಗದ ಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ಅವಳ ದೈವಭಕ್ತಿಯ ಬಗ್ಗೆ ನಾನು ಹೆಚ್ಚು ಬರೆಯಲಾರೆ, ಏಕೆಂದರೆ ಅದರ ಬಗ್ಗೆ ಅವಳೂ ಹೆಚ್ಚು ಮಾತಾಡಿದವಳಲ್ಲ. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಹೋಗಿ ಬಂದಾಗ ಮಾತ್ರ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮಗೆ ಹೇಳುತ್ತಿದ್ದಳು. ಗಂಡ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಮರಳಿ ಕಳಿಸುವ ಕಥೆ ಅದು. ಒಮ್ಮೆ ಒಬ್ಬರು ಸೀರೆ ಮೆಚ್ಚಿ ಮಾತಾಡಿದ್ದಕ್ಕಿಂತ ಹೆಚ್ಚು ಹಣ ಕೊಟ್ಟುಹೋದಾಗ ಆಯಿ ನನ್ನ ಕೈಯಲ್ಲಿ ಅದನ್ನು ಕಟ್ಟಿಕೊಟ್ಟು ಬಸ್‌ಸ್ಟ್ಯಾಂಡಿನವರೆಗೆ ಓಡಿಸಿದ್ದಳು. ಅಂದು ನನಗೆ ಸಿಟ್ಟು ಬಂದಿತ್ತು.

ಲಕ್ಕಮ್ಮನ ಹೆಸರನ್ನೇ ನೋಡಿ. ಆಯ್ದ ಅಕ್ಕಿ ಅವಳ ಹೆಸರಿನ ಭಾಗವಾಗಿದೆ. ನೂಲುತ್ತಿದ್ದವಳು ಕದಿರ ರೆಮ್ಮವ್ವೆ, ಭತ್ತ ಕುಟ್ಟುತ್ತಿದ್ದವಳು ಕೊಟ್ಟಣದ ಸೋಮಮ್ಮ. 12ನೆಯ ಶತಮಾನದ ಈ ಶರಣೆಯರ ಹೆಸರನ್ನು ಅವರ ಕಾಯಕ ಬಿಟ್ಟು ಹೇಳಲು ಇಂದಿಗೂ ಬರುವುದಿಲ್ಲ. ಅಂಥ ಪರಂಪರೆಯ ಮನೆಯಲ್ಲಿ ಹುಟ್ಟಿದ ನಾವು, ಎಪ್ಪತ್ತು ವರ್ಷ ಸೂಜಿ ಹಿಡಿದವಳ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದೆವು.

ಇದು ನಮ್ಮೊಂದು ಮನೆಯ ತಪ್ಪಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದನ್ನು ಮಾಡುತ್ತಿದ್ದರು, ಗಂಡಸರು 97 ನಿಮಿಷ. ಹಾಗಿದ್ದೂ ಬರೀ ಮನೆಗೆಲಸ ಮಾಡುವವರನ್ನು ಜನಗಣತಿ ‘ಕೆಲಸಗಾರರಲ್ಲದವರು’ ಎಂಬ ಗುಂಪಿಗೆ ಸೇರಿಸುತ್ತ ಬಂದಿದೆ. ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದು ನನಗೂ ಹೆಮ್ಮೆಯೇ, ಕಲೆಯ ಹೆಸರಿಗೆ ಅದರಿಂದ ಕಾನೂನಿನ ಕಾವಲು ಸಿಕ್ಕಿದೆ. ಆದರೆ ಸೀರೆಯ ಯಾವ ಮೂಲೆಯಲ್ಲೂ ಅದನ್ನು ಹಾಕಿದವಳ ಹೆಸರಿರುವುದಿಲ್ಲ. ಆಯಿ ಹಾಕಿದ ಸೀರೆಗಳು ಎಷ್ಟು ಮನೆಯ ಟ್ರಂಕುಗಳಲ್ಲಿವೆಯೋ, ಅವುಗಳನ್ನು ಉಡುವವರಿಗೆ ಅವಳು ಯಾರೆಂದು ತಿಳಿದಿಲ್ಲ. ಅದಕ್ಕೆ ಈಗ ಏನೂ ಮಾಡಲಾಗದು.

ಆದರೆ ಒಂದನ್ನು ಮಾಡಬಹುದು. ಮುಂದಿನ ಜನಗಣತಿ 2027ರಲ್ಲಿ ನಡೆಯಲಿದೆ. ಮನೆಯಲ್ಲೇ ಕುಳಿತು ಮಾರಾಟಕ್ಕಾಗಿ ವಸ್ತು ತಯಾರಿಸುವುದು ಜನಗಣತಿಯ ಲೆಕ್ಕದಲ್ಲಿ ಗೃಹ ಕೈಗಾರಿಕೆ, ಅದನ್ನು ಮಾಡುವವರು ಕೆಲಸಗಾರರೇ. ಬಾಗಿಲಿಗೆ ಬಂದವರು ಕೇಳಿದಾಗ ಮನೆಯ ಗಂಡಸು ಒಳಗಿನಿಂದಲೇ “ಆಕಿ ಮನ್ಯಾಗ ಇರ್ತಾಳ್ರಿ” ಎಂದು ಕೂಗಿ ಹೇಳಿಬಿಟ್ಟರೆ ಅಷ್ಟೇ ದಾಖಲಾಗುತ್ತದೆ. ನನ್ನ ಅವ್ವ ಈಗಲೂ ವರ್ಷಕ್ಕೆ ಎರಡು ಮೂರು ಸೀರೆಗೆ ಕಸೂತಿ ಹಾಕಿ ಕೊಡುತ್ತಾಳೆ. ಮೊನ್ನೆ ಅಂಗಳದಲ್ಲಿ ಆಯಿಯ ಅದೇ ಬಿಳಿ ಬಟ್ಟೆಯನ್ನು ತೊಡೆಗೆ ಹಾಸಿಕೊಂಡು ಕುಳಿತಿದ್ದಾಗ, “ಬರಕೊಳ್ಳೋರು ಬಂದ್ರ ಏನಂತ ಬರಸ್ತಿ ಬೇ?” ಎಂದು ಕೇಳಿದೆ. ಎಣಿಕೆಯ ನಡುವೆ ಇದ್ದಳು, ಕೂಡಲೇ ಉತ್ತರ ಕೊಡಲಿಲ್ಲ. ಹಿಡಿದ ಎಳೆಗೆ ಸೂಜಿ ಇಳಿಸಿ ದಾರ ಎಳೆದುಕೊಂಡ ಮೇಲೆ ತಲೆಯೆತ್ತಿ ಹೇಳಿದಳು:

“ಕಸೂತಿ ಹಾಕ್ತಾಳಂತ ಬರಸು. ಕೌದೀನೂ ಹೊಲೀತಾಳಂತ ಬರಸು.”