ಎಂಟರಿಂದ ಒಂದೂವರೆ

ಎರೆ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಹಾದುಹೋದ ಬಂಡಿಯ ಜಾಡು ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಆಮೇಲೆ ಬರುವ ಬಂಡಿಗಳ ಗಾಲಿಯೂ ಅದರಲ್ಲೇ ಇಳಿಯುತ್ತದೆ. ಹೊಡೆಯುವವನು ತೂಕಡಿಸಿದರೂ ಚಿಂತೆಯಿಲ್ಲ, ಎತ್ತುಗಳು ಊರು ಮುಟ್ಟಿಸುತ್ತವೆ. ಇಪ್ಪತ್ತೆರಡು ವರ್ಷ ನಾನು ಕಚೇರಿ ಮುಟ್ಟಿದ್ದು ಹೀಗೆಯೇ. ಹತ್ತಕ್ಕೆ ಹಾಜರಿ, ಹನ್ನೊಂದಕ್ಕೆ ಚಹಾ, ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಎರಡು ಮಿರ್ಚಿ ಭಜಿ, ರಾತ್ರಿ ರೊಟ್ಟಿ ಪುಂಡಿಪಲ್ಯ, ಟಿವಿಯ ಮುಂದೆ ಕುರ್ಚಿಯಲ್ಲೇ ನಿದ್ದೆ. 2014ರಲ್ಲಿ ಗುಲ್ಬರ್ಗ ಕಲಬುರಗಿಯಾದಾಗ ಕಡತಗಳ ಮೇಲೆ ಹೊಸ ಹೆಸರು ಬರೆದವನು ನಾನೇ. ಮನೆಗೆ ಬಂದು ಫೋನಿನಲ್ಲಿ ‘ಗುಲ್ಬರ್ಗದಿಂದ ಮಾತನಾಡುತ್ತಿದ್ದೇನೆ’ ಎಂದವನೂ ನಾನೇ.

ಇದರಲ್ಲಿ ತಪ್ಪೇನೂ ಇದೆ ಎಂದು ನನಗೆ ಅನ್ನಿಸಿರಲಿಲ್ಲ. ಒಂದು ದಿನ ಜ್ವರ ಬಂದು ಮನೆಯಲ್ಲೇ ಉಳಿದೆ. ಮರುದಿನ ಹೋದರೆ ಯಾರೂ ಏನೂ ಕೇಳಲಿಲ್ಲ. ಚಹಾದ ಹುಡುಗ ಮಾತ್ರ ಎರಡು ದಿನದ ಲೆಕ್ಕ ಹೇಳಿದ. ಹಿಂದಿನ ದಿನವೂ ಹನ್ನೊಂದಕ್ಕೆ ಸರಿಯಾಗಿ ಅವನು ನನ್ನ ಮೇಜಿನ ಮೇಲೆ ಲೋಟ ಇಟ್ಟು ಹೋಗಿದ್ದನಂತೆ, ಕುರ್ಚಿ ಖಾಲಿ ಇರುವುದನ್ನು ನೋಡದೆ. ಪಕ್ಕದ ಮೇಜಿನವರು ಅದನ್ನು ಕುಡಿದಿದ್ದರು, ಅವರೂ ನೋಡದೆ. ನಾನಿಲ್ಲದೆಯೂ ನನ್ನ ದಿನ ಸಾಂಗವಾಗಿ ನಡೆದುಹೋಗಿತ್ತು. ದುಡ್ಡು ಕೊಟ್ಟೆ, ಆದರೆ ಆ ಲೋಟ ಬಹಳ ದಿನ ತಲೆಯಲ್ಲಿ ಕುಳಿತಿತ್ತು.

ಆ ವರ್ಷದ ಯುಗಾದಿಗೆ ಒಂದು ವಹಿ ತಂದು ಮೊದಲ ಪುಟದಲ್ಲಿ ಬರೆದೆ: ಬೆಳಿಗ್ಗೆ ಐದಕ್ಕೆ ಏಳುವುದು, ‘ಅಪ್ಪನ ಕೆರೆ’ ಎಂಬ ಊರ ಕೆರೆಯ ಸುತ್ತ ನಡೆಯುವುದು, ಮಿರ್ಚಿ ಬಿಡುವುದು, ಉರ್ದು ಓದಲು ಕಲಿಯುವುದು. ಕೊನೆಯದು ಹಳೆಯ ಆಸೆ. 1948ರವರೆಗೆ ನಿಜಾಮರ ಆಡಳಿತವಿದ್ದ ಸೀಮೆ ನಮ್ಮದು. ದಾಖಲೆ ಕೋಣೆಯಲ್ಲಿ ಆ ಕಾಲದ ಕಡತಗಳು ಬಟ್ಟೆಯ ಗಂಟಿನಲ್ಲಿ ಮಲಗಿವೆ. ಧೂಳು ಒರೆಸಿದ್ದೇನೆಯೇ ಹೊರತು ಒಂದಕ್ಷರ ಓದಿದವನಲ್ಲ. ವಹಿಗೂ ಅದೇ ಗತಿ ಬಂತು. ಎಂಟನೆಯ ದಿನಕ್ಕೆ ಅದರ ಎರಡನೆಯ ಪುಟದಲ್ಲಿ ನನ್ನ ಹೆಂಡತಿ ಹಾಲಿನ ಲೆಕ್ಕ ಬರೆದಿದ್ದಳು.

ಜಾಡು ಬೇಸರವಾದಾಗ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನೇ ಇಲ್ಲಿಂದ ಬೀದರಿಗೆ ಒಯ್ದ. ಕಾರಣ ರಾಜಕೀಯ ಎಂದು ಬಲ್ಲವರು ಹೇಳಬಹುದು. ಒಂದು ಮೇ ತಿಂಗಳು ಇಲ್ಲಿ ಕಳೆದವರಿಗೆ ಬೇರೆ ಕಾರಣ ಬೇಕಿಲ್ಲ. ಗುಮಾಸ್ತನಿಗೆ ಅಂಥ ಸೌಕರ್ಯ ಎಲ್ಲಿಯದು? ನನ್ನ ಪಾಲಿಗೆ ಬಂದದ್ದು ಒಂದು ಸರ್ಕಾರಿ ಆದೇಶ. ಬಿಸಿಲಿನ ದೆಸೆಯಿಂದ ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಡೆಯ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುತ್ತವೆ. ಪ್ರತಿ ಬೇಸಿಗೆಯಲ್ಲೂ ಆ ಮಧ್ಯಾಹ್ನಗಳನ್ನು ನಿದ್ದೆಗೆ ದಾನ ಮಾಡುತ್ತಿದ್ದೆ. ಆ ಸಲ ಕರೆಂಟು ಕೈಕೊಟ್ಟಿತು. ಫ್ಯಾನಿಲ್ಲದ ಮನೆಯಲ್ಲಿ ಮಲಗಲಾರದೆ ಪಕ್ಕದ ಮನೆಗೆ ಹೋದೆ. ಅಲ್ಲಿನ ನಿವೃತ್ತ ಮೇಷ್ಟ್ರು ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿಕೊಂಡು, ಗೋಡೆಗೆ ಒರಗಿ ಉರ್ದು ಪತ್ರಿಕೆ ಓದುತ್ತಿದ್ದರು. ಸುಮ್ಮನೆ ಕೂರಲಾಗದೆ ‘ಇದು ಯಾವ ಅಕ್ಷರ’ ಎಂದು ಕೇಳಿದೆ. ಮೇಷ್ಟ್ರನ್ನು ಹಾಗೆ ಕೇಳಬಾರದು. ಮರುಕ್ಷಣವೇ ಸ್ಲೇಟು ಬಂತು.

ಅಲಿಫ್, ಬೇ, ಪೇ, ತೇ. ಬಲದಿಂದ ಎಡಕ್ಕೆ ಬರೆಯುವುದು ಏನೆಂಬುದನ್ನು ಐವತ್ತರ ಹತ್ತಿರದವನ ಕೈಗೆ ಹೇಳಿ ತಿಳಿಸಲಾಗದು. ನನ್ನ ಕೈ ಎರಡು ಅಕ್ಷರ ನೆಟ್ಟಗೆ ಹೋಗಿ, ಮೂರನೆಯದಕ್ಕೆ ಮನೆಯ ದಾರಿ ಕಂಡ ಎತ್ತಿನಂತೆ ಬಲಕ್ಕೆ ತಿರುಗುತ್ತಿತ್ತು. ಒಂಟಿಯಾಗಿದ್ದಾಗ ಒಂದು ರೂಪ, ಪಕ್ಕದವರ ಕೈಹಿಡಿದಾಗ ಇನ್ನೊಂದು ರೂಪ ತಾಳುವ ಆ ಅಕ್ಷರಗಳ ಮೇಲೆ ಸಿಟ್ಟೂ ಬಂತು. ಮೇಷ್ಟ್ರು ಗದರಿದರು. ನನ್ನನ್ನು ಯಾರಾದರೂ ಗದರಿ ಎಷ್ಟು ವರ್ಷವಾಗಿತ್ತೋ! ಮರುದಿನವೂ ಹೋದೆ. ಕರೆಂಟು ಬಂದ ಮೇಲೂ ಹೋದೆ.

ಎರೆ ಮಣ್ಣಿನ ಒಂದು ಗುಣ ಆಗ ನೆನಪಾಯಿತು. ಬೇಸಿಗೆಯಲ್ಲಿ ಅದು ಕುಗ್ಗಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದಾಗ ಎಲ್ಲವೂ ಉಬ್ಬಿ ಒಳಗಿನದು ಮೇಲೆ ಬರುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಎಂದು ಅಪ್ಪ ಹೇಳುತ್ತಿದ್ದರು. ಬಿರುಕು ಕಂಡರೆ ಹೊರಗಿನವರು ಬರ ಎನ್ನುತ್ತಾರೆ.

ಜೂನ್ ಬಂತು, ಕಚೇರಿ ಮತ್ತೆ ಹತ್ತಕ್ಕೆ ತಿರುಗಿತು. ಕೆರೆಯ ಸುತ್ತ ನಡೆಯುವುದು ಇಂದಿಗೂ ಆಗಿಲ್ಲ. ಮಿರ್ಚಿ ಎರಡರಿಂದ ಒಂದಕ್ಕೆ ಇಳಿದಿದೆ, ಭಾನುವಾರ ಮೂರು. ಮೇಷ್ಟ್ರ ಪಾಠ ರಾತ್ರಿಗೆ ಸರಿದು ಟಿವಿಯ ಜಾಗ ಹಿಡಿದಿದೆ.

ಮೊನ್ನೆ ದಾಖಲೆ ಕೋಣೆಯಲ್ಲಿ ಹುಳು ತಿಂದ ಗಂಟೊಂದನ್ನು ಬೇರೆ ಬಟ್ಟೆಗೆ ಕಟ್ಟಬೇಕಿತ್ತು. ಮೇಲಿನ ಹಾಳೆಯ ತಲೆಬರಹದ ಮೇಲೆ ಬೆರಳಿಟ್ಟೆ. ಐನ್, ರೇ, ಜ್ವಾದ್, ಯೇ. ಅರ್ಜಿ! ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಮಾತು, ಕಣ್ಣಿಗೆ ಮೊದಲ ಸಲ. ಕೆಳಗಿನ ಸಾಲಿನ ಇನ್ನೊಂದು ಪದವನ್ನು ಚೀಟಿಯಲ್ಲಿ ಇದ್ದ ಹಾಗೆ ಬರೆದುಕೊಂಡು ರಾತ್ರಿ ಮೇಷ್ಟ್ರಿಗೆ ತೋರಿಸಿದೆ. ‘ರುಖ್ಸತ್’ ಎಂದರು, ಅಂದರೆ ರಜೆ. ನಿಜಾಮರ ಕಾಲದ ಯಾರೋ ನೌಕರ ರಜೆ ಕೇಳಿದ್ದ. ಮಂಜೂರಾಯಿತೋ ಇಲ್ಲವೋ, ಮುಂದಿನ ಹಾಳೆ ಗೆದ್ದಲಿನ ಪಾಲಾಗಿತ್ತು.