ಕಷ್ಟಕ್ಕಿಂತ ಸುಖದಲ್ಲೇ ಜಾಸ್ತಿ ಎಡವಿದ್ದೇನೆ

ನಂಬಿಕೆಗೆ ನಿಜವಾದ ಪರೀಕ್ಷೆ ಕಷ್ಟಕಾಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಈ ಮಾತನ್ನು ಒಪ್ಪಲಾರೆ. ನಮ್ಮ ಮನೆಯಲ್ಲಿ ಆದದ್ದು ಉಲ್ಟಾ.

ಅಪ್ಪ ಬೀದರ್ ಕಡೆಯಿಂದ ಮುಂಬೈಗೆ ಬಂದು ಪರೇಲ್‌ನ ಒಂದು ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಅಪ್ಪನಿಗೆ ಆ ಕೆಲಸ ಮತ್ತೆ ಸಿಗಲೇ ಇಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಆರು ಜನ. ಅವ್ವ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಆದರೂ ರಾತ್ರಿಯ ಕುಟುಂಬ ಪ್ರಾರ್ಥನೆ ಒಂದು ದಿನವೂ ತಪ್ಪಲಿಲ್ಲ. ದೇವರನ್ನು ಬಿಟ್ಟರೆ ನಮಗೆ ಬೇರೆ ಯಾರಿದ್ದರು?

ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸ್ವಂತ ಫ್ಲ್ಯಾಟ್ ಇದೆ. ಭಾನುವಾರ ಹಳಿ ದುರಸ್ತಿಗೆಂದು ರೈಲಿಗೆ ಮೆಗಾ ಬ್ಲಾಕ್ ಅಂದರೆ ಸಾಕು, ಚರ್ಚಿನ ಆರಾಧನೆ ತಪ್ಪಿಸಲು ನನಗೆ ಅದೇ ನೆಪ. ಯಾರೂ ತಡೆಯಲಿಲ್ಲ, ಹಿಂಸಿಸಲಿಲ್ಲ. ಸುಮ್ನೆ ಸಡಿಲವಾಗುತ್ತಾ ಹೋದೆ. ಅದು ನನಗೆ ಗೊತ್ತಾಗಲೂ ಇಲ್ಲ.

ಬೈಬಲಿನ ಧರ್ಮೋಪದೇಶಕಾಂಡದ 8ನೇ ಅಧ್ಯಾಯದಲ್ಲಿ ಮೋಶೆ ಎಚ್ಚರಿಸುವುದು ಇದನ್ನೇ ಅಲ್ವಾ? ಹೊಟ್ಟೆ ತುಂಬ ಉಂಡು, ಒಳ್ಳೆಯ ಮನೆ ಕಟ್ಟಿಕೊಂಡಾಗ ದೇವರನ್ನು ಮರೆಯಬೇಡಿ ಅಂತ. ಸೆರೆಯಲ್ಲಿದ್ದ ಅಪೊಸ್ತಲ ಪೌಲನೂ ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆಯುವಾಗ, ಹಸಿದಿರುವುದನ್ನು ಮಾತ್ರ ಅಲ್ಲ, ತೃಪ್ತನಾಗಿ ಬದುಕುವುದನ್ನೂ ಕಲಿತಿದ್ದೇನೆ ಎನ್ನುತ್ತಾನೆ. ಅದೂ ಕಲಿಯಬೇಕಾದ ಪಾಠ. ನಮ್ಮ ಚರ್ಚಿನ ಸಭೆಯಲ್ಲಿ ಕೆಲಸ ಕಳೆದುಕೊಂಡವರಿಗಾಗಿ ಎಲ್ಲರೂ ಮೊಣಕಾಲೂರುತ್ತೇವೆ. ಬಡ್ತಿ ಸಿಕ್ಕವರಿಗೆ ಕೈಕುಲುಕಿ ಕಳಿಸಿಬಿಡುತ್ತೇವೆ. ಅವರಿಗೂ ಆ ಪ್ರಾರ್ಥನೆ ಅಷ್ಟೇ ಬೇಕು.