ಹಲ್ಲು ತಿಕ್ಕುವ ಬಲಶಾಲಿಗಳು

ರಾಯಚೂರಿನ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಮೊನ್ನೆ ಮೆತ್ತನೆಯ ಬ್ರಷ್ ಕೇಳಿದಾಗ ಅಂಗಡಿಯವರು ನನ್ನನ್ನು ಕನಿಕರದಿಂದ ನೋಡಿ, "ಸಾಫ್ಟ್ ಯಾಕ್ರೀ ಸರ, ಹಲ್ಲು ಅಲುಗಾಡಾಕ ಹತ್ತ್ಯಾವೇನ್ರೀ?" ಎಂದರು. ಪಕ್ಕದಲ್ಲಿ ಅಕ್ಕಿ ತೂಗಿಸಿಕೊಳ್ಳುತ್ತಿದ್ದ ಇಬ್ಬರು ನಕ್ಕರು. ಗಟ್ಟಿ ಬ್ರಷ್ಷಿನಿಂದ ತಿಕ್ಕುವುದು ಗಂಡಸುತನದ ಲಕ್ಷಣವೆಂದು ಈ ಸೀಮೆಯಲ್ಲಿ ಯಾವ ಪಂಚಾಯಿತಿ ತೀರ್ಮಾನಿಸಿತೋ ನಾನರಿಯೆ. ಆದರೆ ಹಲ್ಲು ತಿಕ್ಕುವ ರೀತಿಗೂ ಮನುಷ್ಯನ ಸ್ವಭಾವಕ್ಕೂ ಗಾಢವಾದ ಸಂಬಂಧವಿದೆ ಎಂಬುದು ನನ್ನ ಬಹುದಿನಗಳ ಅನುಮಾನವಾಗಿದ್ದು, ಅದನ್ನು ಇಲ್ಲಿ ಸಾಧಿಸಿ ತೋರಿಸುವವನಿದ್ದೇನೆ. ಅದಕ್ಕೆ ಮೊದಲು ದೊಡ್ಡಪ್ಪನವರ ವಿಷಯ ಹೇಳಬೇಕು.

ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ದೊಡ್ಡಪ್ಪನವರು ಕುಳ್ಳಿನ ಬೂದಿಯನ್ನು ಅರಿವೆಯಲ್ಲಿ ಸೋಸಿ, ಉಪ್ಪು ಬೆರೆಸಿ, ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಊರಿಗೆ ಬ್ರಷ್ ಬಂದಾಗ ಅವರು ಬೂದಿಯನ್ನು ಬಿಡಲಿಲ್ಲ. ಇದ್ದುದರಲ್ಲೇ ಅತ್ಯಂತ ಗಟ್ಟಿಯಾದ ಬ್ರಷ್ ತಂದು, ತೋಯಿಸಿ, ಬೂದಿಯಲ್ಲಿ ಅದ್ದಿ, ಕುತ್ತಿಗೆಯ ನರ ಉಬ್ಬುವಂತೆ ಅಡ್ಡಡ್ಡ ಎಳೆಯುತ್ತಿದ್ದರು. ಸ್ವಲ್ಪ ದಿನಕ್ಕೇ ಎಳೆಗಳೆಲ್ಲ ಎರಡೂ ಕಡೆಗೆ ಮಲಗಿಬಿಡುತ್ತಿದ್ದವು. ಅದನ್ನು ಅವರು ದುಡಿಮೆಯ ಪುರಾವೆಯೆಂದು ಗೋಡೆಯ ಮಾಡದಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು.

ಗಂಗಾವತಿಯಲ್ಲಿ ನಡೆದ ಒಂದು ಮದುವೆಯಲ್ಲಿ ಊಟದ ಕೊನೆಗೆ ಐಸ್‌ಕ್ರೀಮ್ ಬಂತು. ಮೊದಲ ಚಮಚಕ್ಕೇ ದೊಡ್ಡಪ್ಪನವರು ದವಡೆ ಹಿಡಿದುಕೊಂಡು ಪಂಕ್ತಿಯಿಂದ ಎದ್ದು, "ಇದರಾಗ ಏನೋ ಹಾಕ್ಯಾರ!" ಎಂದು ಕೂಗಿದರು. ಹೆಣ್ಣಿನ ಕಡೆಯವರು ಗಾಬರಿಯಾಗಿ ಅಡುಗೆಯವನನ್ನು ಕರೆಸಿದರು. ಆತ ಅವಮಾನದಿಂದ ಎಲ್ಲರೆದುರು ಮೂರು ಕಪ್ ತಿಂದು ತೋರಿಸಿದರೂ ದೊಡ್ಡಪ್ಪನವರು ಒಪ್ಪಲಿಲ್ಲ. ಆತನಿಗೆ ರೂಢಿಯಾಗಿರಬೇಕು ಎಂದರು. ಬೀಗರ ನಡುವೆ ಮಾತು ನಿಂತಿತು. ಹುಡುಗಿಯ ಕುಬಸಕ್ಕೂ ಅವರು ಹೋಗಲಿಲ್ಲ. ಇಷ್ಟಕ್ಕೆಲ್ಲ ಕಾರಣ ಅವರದೇ ಬಾಯಿಯಲ್ಲಿ, ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳ ಬುಡದಲ್ಲಿ ಇತ್ತೆಂದು ಆಮೇಲೆ ದಂತವೈದ್ಯರು ಬ್ಯಾಟರಿ ಬಿಟ್ಟು ತೋರಿಸಿದರು: ಒಸಡಿನ ಅಂಚಿಗೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ, ಬೆಣೆಯಾಕಾರದ ಕಚ್ಚುಗಳು. ದವಡೆ ಬಾಗುವ ಆ ಜಾಗದಲ್ಲೇ ಬ್ರಷ್ಷಿನ ಒತ್ತಡ ಹೆಚ್ಚು. ಬಲಗೈಯವರಾದ್ದರಿಂದ ಎಡಗಡೆ ಇನ್ನೂ ಹೆಚ್ಚು. ದೇಹದಲ್ಲೇ ಅತಿ ಗಟ್ಟಿಯಾದ, ಎನಾಮಲ್ ಎಂಬ ಹಲ್ಲಿನ ಹೊರಪದರ ಒಸಡು ಕೂಡುವ ಕುತ್ತಿಗೆಯ ಬಳಿ ತೆಳುವಾಗಿ ಮುಗಿದುಹೋಗುತ್ತದೆ. ಅದರ ಕೆಳಗೆ ಸವೆಯುವ ಡೆಂಟಿನ್ ಎಂಬ ಮೆತ್ತನೆಯ ಭಾಗದ ಸೂಕ್ಷ್ಮ ನಾಳಗಳ ಮೂಲಕ ತಂಪು ನರಕ್ಕೆ ತಾಗುತ್ತದೆ. ಈ ಸವೆತದಲ್ಲಿ ಬರಿಯ ಬ್ರಷ್ಷಿಗಿಂತ ಅದಕ್ಕೆ ಹಚ್ಚಿದ ಒರಟು ಪುಡಿಯದೇ ದೊಡ್ಡ ಪಾಲು.

ವೈದ್ಯರು ಕಚ್ಚುಗಳನ್ನು ತುಂಬಿ, ಮೆತ್ತನೆಯ ಬ್ರಷ್, ಎರಡು ನಿಮಿಷ, ಹುಳಿ ತಿಂದ ಕೂಡಲೇ ಬೇಡ ಎಂದೆಲ್ಲ ಹೇಳಿದರು. "ಹರಗಲಾರದ ಹೊಲದಾಗಿನ ಕಳೆ ತಾನಾ ಹೋಗ್ತೈತೇನ್ರೀ ಡಾಕ್ಟರ?" ಎಂದು ದೊಡ್ಡಪ್ಪನವರು ಕೇಳಿದರಂತೆ. ತುಂಬಿಸಿದ್ದು ಉದುರಿಹೋಯಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಮಡಕೆಯ ನೀರನ್ನು ದೂರವಿಟ್ಟು ಉಗುರುಬೆಚ್ಚಗಿನ ನೀರು ಕುಡಿಯುತ್ತ ಅವರು ಬೀಗರನ್ನೇ ಬಯ್ಯುತ್ತಿದ್ದರು.

ಅವರು ಕಳೆ ಎಂದುದು ಹಲ್ಲಿನ ಮೇಲಿನ ಕಂದು ಕಲೆಗಳನ್ನು. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಅದು ಎನಾಮಲ್ಲನ್ನು ಕೆಡಿಸುತ್ತದೆ. ಹಾಗೆ ಮೂಡಿದ ಕಲೆಯನ್ನು ಯಾವ ಬ್ರಷ್ಷೂ ಅಳಿಸಲಾರದು. ನೀರು ಮಾಡಿದ ತಪ್ಪಿಗೆ ನಮ್ಮ ಜನ ಹಲ್ಲಿಗೆ ಶಿಕ್ಷೆ ಕೊಡುತ್ತಿದ್ದಾರೆ ಎಂಬುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿ ನಗುವವರೆಗೆ ಕಾದು, ಕಲೆ ಕಂಡು, ಹೊರಗೆ ಹೋಗಿ ಪಿಸುಗುಟ್ಟುತ್ತಾರೆ; ಆ ಹುಡುಗಿ ಮರುದಿನದಿಂದ ಇದ್ದಿಲ ಪುಡಿ ಹಾಕಿ ತಿಕ್ಕತೊಡಗುತ್ತಾಳೆ. ಅದೇ ಸೀಮೆಯ ಬೋರ್‌ವೆಲ್ ನೀರು ಕುಡಿದು ಬೆಳೆದ ಗಂಡಿಗೆ ನಕ್ಕು ತೋರಿಸಪ್ಪಾ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.